ಆಟದ ಹೊತ್ತಿನಲ್ಲಿ ಮನೆಯ ನೆಟ್ ಬಳಸುವವರು ಯಾರು: ಅಳೆಯುವ ನಾಲ್ಕು ವಿಧಾನಗಳ ಹೋಲಿಕೆ

ಹಾಸನದ ವಿದ್ಯಾನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಫೈಬರ್ ಸಂಪರ್ಕ. ಅದನ್ನು ಹಂಚಿಕೊಳ್ಳುವ ಸಾಧನಗಳು ಮಾತ್ರ ಹಲವು: ತಮ್ಮ ಕೌಂಟರ್‌ಸ್ಟ್ರೈಕ್ 2 ಮತ್ತು ವ್ಯಾಲರಂಟ್ ಆಡುವ ಕಂಪ್ಯೂಟರ್, ಎಲ್ಲರ ಫೋನುಗಳು, ಟಿ.ವಿ., ಗೇಟಿನ ಕ್ಯಾಮೆರಾ. ಸಂಜೆ ಆಟದಲ್ಲಿ ಪಿಂಗ್ (ಸರ್ವರಿಗೆ ಮಾಹಿತಿ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ಏರಿದಾಗಲೆಲ್ಲ ನೆಟ್ ಯಾರು ಎಳೆಯುತ್ತಿದ್ದಾರೆ ಎಂಬ ಪ್ರಶ್ನೆ ಏಳುತ್ತಿತ್ತು. ಊಹೆಯನ್ನು ಬಿಟ್ಟು ಅಳತೆಯಿಂದಲೇ ಉತ್ತರ ಪಡೆಯಬೇಕೆಂದು ನಾಲ್ಕು ವಿಧಾನಗಳನ್ನು ಇದೇ ಸಂಪರ್ಕದ ಮೇಲೆ ಪರೀಕ್ಷಿಸಿದೆ: ವಿಂಡೋಸ್‌ನ ರಿಸೋರ್ಸ್ ಮಾನಿಟರ್, ಕಂಪ್ಯೂಟರಿಗೆ ಬಂದುಹೋಗುವ ಪ್ಯಾಕೆಟ್‌ಗಳನ್ನು (ಮಾಹಿತಿಯ ಸಣ್ಣ ತುಣುಕುಗಳನ್ನು) ಒಂದೊಂದಾಗಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ, ಸಂಪರ್ಕದ ಜೊತೆ ಬಂದ ರೂಟರಿನ ಆಡಳಿತ ಪುಟ ಮತ್ತು ಅದರ ಹಿಂದೆ ನಾನು ಜೋಡಿಸಿದ, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದಿಂದ ನಡೆಯುವ ರೂಟರ್. ಪಿಂಗ್ ಜಿಗಿದ ಆ ಕ್ಷಣದಲ್ಲಿ ಯಾವ ಸಾಧನ ಯಾವ ದಿಕ್ಕಿನಲ್ಲಿ ಎಷ್ಟು ಕಳಿಸುತ್ತಿತ್ತು ಎಂಬುದನ್ನು ಯಾವುದು ತೋರಿಸುತ್ತದೆಯೋ ಅದೇ ನನ್ನ ದೃಷ್ಟಿಯಲ್ಲಿ ಮೇಲು. ತಿಂಗಳ ಒಟ್ಟು ಬಳಕೆಯ ಲೆಕ್ಕಕ್ಕೆ ಎರಡನೆಯ ಸ್ಥಾನ.

ರಿಸೋರ್ಸ್ ಮಾನಿಟರಿಗೆ ಏನನ್ನೂ ಹೊಸದಾಗಿ ಹಾಕಬೇಕಾಗಿಲ್ಲ. ಅದರ ನೆಟ್‌ವರ್ಕ್ ಪುಟದಲ್ಲಿ ಪ್ರತಿಯೊಂದು ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಬೈಟ್ ಕಳಿಸುತ್ತಿದೆ, ಎಷ್ಟು ಪಡೆಯುತ್ತಿದೆ ಎಂಬುದು ಕಾಣುತ್ತದೆ. ಪ್ಲಾನಿನ ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಲೆಕ್ಕಕ್ಕೆ ತರಲು ಅದನ್ನು 8ರಿಂದ ಗುಣಿಸಿ 10 ಲಕ್ಷದಿಂದ ಭಾಗಿಸಬೇಕು. ಆಟವೇ ನೆಟ್ ತಿನ್ನುತ್ತದೆ ಎಂಬ ನಂಬಿಕೆಯನ್ನು ಈ ಸಾಧನ ಕೂಡಲೇ ಸುಳ್ಳು ಮಾಡುತ್ತದೆ. ಇಂಥ ಆಟಗಳಲ್ಲಿ ಚಿತ್ರವನ್ನು ರಚಿಸುವುದು ಮನೆಯಲ್ಲಿರುವ ಗ್ರಾಫಿಕ್ಸ್ ಕಾರ್ಡ್. ಸರ್ವರಿನಿಂದ ಬರುವುದು ಯಾರು ಎಲ್ಲಿದ್ದಾರೆ, ಯಾರು ಗುಂಡು ಹಾರಿಸಿದರು ಎಂಬ ಸಣ್ಣ ಮಾಹಿತಿ ಮಾತ್ರವಾದ್ದರಿಂದ, ಗಂಟೆಗೆ ಕೆಲವು ನೂರು ಮೆಗಾಬೈಟ್‌ಗಿಂತ ಹೆಚ್ಚು ಖರ್ಚಾಗುವುದು ಅಪರೂಪ. ಗಂಟೆಗೆ 300 ಮೆಗಾಬೈಟ್ ಎಂದೇ ಹಿಡಿದರೂ, ದಿನಕ್ಕೆ 4 ಗಂಟೆ ಆಡುವವರಿಗೆ ತಿಂಗಳಿಗೆ 36 ಗಿಗಾಬೈಟ್ ಆಗುತ್ತದೆ. ಇದು ನಮ್ಮಲ್ಲಿನ ಅನೇಕ ಫೈಬರ್ ಪ್ಲಾನುಗಳ 3.3 ಟೆರಾಬೈಟ್ ಮಿತಿಯ ನೂರರಲ್ಲಿ ಒಂದು ಪಾಲು. ಚಿತ್ರವೇ ಸರ್ವರಿನಿಂದ ಹರಿದು ಬರುವ ಕ್ಲೌಡ್ ಗೇಮಿಂಗ್ ಬೇರೆಯೇ ವಿಷಯ. ಜಿಫೋರ್ಸ್ ನೌ ಸೇವೆ 1080ಪಿ ಗುಣಮಟ್ಟದ, ಸೆಕೆಂಡಿಗೆ 60 ಫ್ರೇಮ್‌ಗಳ ಚಿತ್ರಕ್ಕೆ 25 ಎಂಬಿಪಿಎಸ್ ಕೇಳುತ್ತದೆ. ಆದರೆ ರಿಸೋರ್ಸ್ ಮಾನಿಟರಿನ ಕಣ್ಣಿಗೆ ಬೀಳುವುದು ಅದು ಇರುವ ಕಂಪ್ಯೂಟರ್ ಮಾತ್ರ. ಜೊತೆಗೆ, ವಿಳಂಬವನ್ನು ತೋರಿಸುವ ಅದರ ಪಟ್ಟಿ ಟಿಸಿಪಿ (ಮಾಹಿತಿ ತಲುಪಿತೇ ಎಂದು ಖಾತ್ರಿಪಡಿಸಿಕೊಳ್ಳುವ ರವಾನೆಯ ವಿಧಾನ) ಸಂಪರ್ಕಗಳಿಗಷ್ಟೇ ಸೀಮಿತ. ಈ ಆಟಗಳ ಮಾಹಿತಿ ಓಡಾಡುವುದು ಆ ಖಾತ್ರಿಗೆ ಕಾಯದ ಯುಡಿಪಿ ವಿಧಾನದಲ್ಲಾದ್ದರಿಂದ, ನಮಗೆ ಅತ್ಯಂತ ಬೇಕಾದ ಸಾಲೇ ಅಲ್ಲಿ ಇರುವುದಿಲ್ಲ.

ವೈರ್‌ಶಾರ್ಕ್ ಕಲಿಸುವ ಪಾಠ ಇದಕ್ಕಿಂತ ಆಳವಾದದ್ದು. ಕೌಂಟರ್‌ಸ್ಟ್ರೈಕ್ 2ರ ಸರ್ವರ್ ಸೆಕೆಂಡಿಗೆ 64 ಬಾರಿ, ವ್ಯಾಲರಂಟಿನದು 128 ಬಾರಿ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಆ ಲಯಕ್ಕೆ ತಕ್ಕಂತೆ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಎಡೆಬಿಡದೆ ಸಾಲಾಗಿ ಬರುವುದನ್ನು ಅದರ ಗ್ರಾಫಿನಲ್ಲಿ ನೋಡಿದವರಿಗೆ, ಆಟಕ್ಕೆ ಬೇಕಾದದ್ದು ಅಗಲವಾದ ದಾರಿಯಲ್ಲ, ತಡೆಯಿಲ್ಲದ ದಾರಿ ಎಂಬುದು ಸ್ಪಷ್ಟವಾಗುತ್ತದೆ. ಆದರೂ ಇಡೀ ಮನೆಯ ಪ್ರಶ್ನೆಗೆ ಅದು ಉತ್ತರಿಸದು. ತಂತಿಯ ಸಾಧನಗಳನ್ನು ಜೋಡಿಸುವ ಸ್ವಿಚ್ ಬೇರೆಯವರ ಪ್ಯಾಕೆಟ್‌ಗಳನ್ನು ಈ ಕಂಪ್ಯೂಟರಿಗೆ ಕಳಿಸುವುದಿಲ್ಲ, ವೈಫೈಯಲ್ಲಿ ಹೋಗುವುದು ಗೂಢಲಿಪೀಕರಣಗೊಂಡಿರುತ್ತದೆ.

ರೂಟರಿನ ಆಡಳಿತ ಪುಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮಗೆ ಬಂದ ಸಾಧನದಲ್ಲಿ ಜೋಡಣೆಯಾದ ಫೋನುಗಳ ಹೆಸರು ಮತ್ತು ಸಂಪರ್ಕದ ಒಟ್ಟು ಬೈಟ್‌ಗಳು ಕಾಣುತ್ತವೆ, ಸಾಧನವಾರು ವೇಗ ಕಾಣುವುದಿಲ್ಲ.

ಓಪನ್‌ಡಬ್ಲ್ಯುಆರ್‌ಟಿಯ ಅನುಕೂಲವೆಂದರೆ ಅದು ಮನೆಯ ಎಲ್ಲ ದಟ್ಟಣೆಯೂ ಹಾದುಹೋಗುವ ಜಾಗದಲ್ಲಿ ಕುಳಿತಿರುತ್ತದೆ. ಇದರಲ್ಲಿಯೂ ಎನ್‌ಎಲ್‌ಬಿಡಬ್ಲ್ಯುಮಾನ್ ಮತ್ತು ಐಎಫ್‌ಟಾಪ್ ಎಂಬ ಎರಡು ತಂತ್ರಾಂಶಗಳನ್ನು ಹೋಲಿಸಬೇಕಾಯಿತು. ಎನ್‌ಎಲ್‌ಬಿಡಬ್ಲ್ಯುಮಾನ್ ಸಾಧನವಾರು ತಿಂಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡುತ್ತದೆ. ಆದರೆ ಮೂಲ ಹೊಂದಾಣಿಕೆಯಲ್ಲಿ ಅದು 30 ಸೆಕೆಂಡಿಗೊಮ್ಮೆ ಲೆಕ್ಕ ನವೀಕರಿಸುವುದರಿಂದ ಎರಡು ಸೆಕೆಂಡಿನ ಜಿಗಿತ ಅದರಲ್ಲಿ ಕರಗಿಹೋಗುತ್ತದೆ. ಐಎಫ್‌ಟಾಪ್‌ಗೆ ಕಮಾಂಡ್ ಸಾಲಿನ ಅಭ್ಯಾಸ ಬೇಕು, ನೋಡಲು ಒರಟಾಗಿಯೂ ಇದೆ. ಆದರೆ ಪ್ರತಿ ಸಂಪರ್ಕಕ್ಕೂ ಕಳೆದ 2, 10 ಮತ್ತು 40 ಸೆಕೆಂಡುಗಳ ಸರಾಸರಿಯನ್ನು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಒಂದು ಪರದೆಯಲ್ಲಿ ಪಿಂಗ್, ಇನ್ನೊಂದರಲ್ಲಿ ಇದನ್ನು ತೆರೆದಿಟ್ಟಾಗ ಉತ್ತರ ಕಣ್ಣೆದುರಿಗೇ ಬಂತು: ಟಿ.ವಿ.ಯಲ್ಲಿ ಸಿನಿಮಾ ಓಡುತ್ತಿದ್ದಾಗ ಪಿಂಗ್ ಅಲ್ಲಾಡಲಿಲ್ಲ. ಯಾರದೋ ಫೋನ್ ಚಾರ್ಜಿಗೆ ಹಾಕಿದೊಡನೆ ಅದರ ಫೋಟೋ ಬ್ಯಾಕಪ್ ಶುರುವಾಗಿ ಅಪ್‌ಲೋಡ್ ತುಂಬಿತು, ಪಿಂಗ್ ಹಲವು ಪಟ್ಟು ಏರಿತು.

ಇದರ ಕಾರಣ ದೂರವಲ್ಲ ಎಂಬುದನ್ನು ಹಾಸನದವರಿಗೆ ನಮ್ಮೂರಿನ ಉದಾಹರಣೆಯಿಂದಲೇ ಹೇಳಬಹುದು. ಇಲ್ಲಿನ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ, ಅಂಥ ಉಪಗ್ರಹದ ಮೂಲಕ ಕೋರಿಕೆ ಹೋಗಿ ಉತ್ತರ ಬರಲು, ಬೆಳಕಿನ ವೇಗದಲ್ಲೂ, ಅರ್ಧ ಸೆಕೆಂಡಿನಷ್ಟು ಬೇಕು. ಬ್ಯಾಂಡ್‌ವಿಡ್ತ್ ಎಷ್ಟೇ ಇದ್ದರೂ ಆ ದೂರದ ವಿಳಂಬ ತಪ್ಪದು. ಆದರೆ ಆಟದ ಮುಂಬೈ ಸರ್ವರ್ ಇಲ್ಲಿಂದ ನೇರ ಗೆರೆಯಲ್ಲಿ 750 ಕಿ.ಮೀ. ಆಸುಪಾಸಿನಲ್ಲಿದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ ಹೋಗಿಬರಲು ದೂರ ಬೇಡುವುದು 8 ಮಿಲಿಸೆಕೆಂಡ್. ಕೇಬಲ್ ಸುತ್ತುಬಳಸಿ ಹೋಗುವುದರಿಂದ ಇನ್ನಷ್ಟು ಸೇರುತ್ತದೆ, ಅಷ್ಟೇ. ನೂರಾರು ಮಿಲಿಸೆಕೆಂಡ್‌ಗಳ ದಿಢೀರ್ ಏರಿಕೆ ದೂರದಿಂದ ಬಂದದ್ದಲ್ಲ. ಅಪ್‌ಲೋಡ್ 10 ಎಂಬಿಪಿಎಸ್ ಇದ್ದು, ಮೋಡೆಮಿನ ಬಫರಿನಲ್ಲಿ (ಹೊರಹೋಗುವ ಮೊದಲು ಮಾಹಿತಿ ಕಾಯುವ ಜಾಗದಲ್ಲಿ) 1 ಮೆಗಾಬೈಟ್ ಫೋಟೋ ಮಾಹಿತಿ ಕಾದು ನಿಂತಿದ್ದರೆ, ಅದರ ಹಿಂದೆ ಬಂದ ಆಟದ ಪ್ಯಾಕೆಟ್ 0.8 ಸೆಕೆಂಡ್ ಕಾಯಬೇಕು. ಒಂದೇ ಕೌಂಟರಿನ ಮುಂದೆ ಮೂಟೆ ಹೊತ್ತವರ ಹಿಂದೆ ಒಂದು ಲಕೋಟೆ ಹಿಡಿದವನು ನಿಂತಂತೆ. ಬಫರ್‌ಬ್ಲೋಟ್ ಎಂದು ಕರೆಯುವುದು ಇದನ್ನೇ.

ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಕಾರಣ ಕಂಡ ಜಾಗದಲ್ಲೇ ಪರಿಹಾರವೂ ಇದೆ ಎಂಬುದು ನಾನು ಅದನ್ನು ಮೇಲಿಡಲು ಇನ್ನೊಂದು ಕಾರಣ. ಅದರ ಎಸ್‌ಕ್ಯುಎಂ ಎಂಬ ಸರತಿ ನಿರ್ವಹಣೆಯ ವ್ಯವಸ್ಥೆಯಲ್ಲಿ, 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರಿದ ಕೇಕ್ ವಿಧಾನವನ್ನು ಆರಿಸಿ, ಅಳೆದ ವೇಗದ ಶೇ. 90ರ ಸುಮಾರಿಗೆ ಮಿತಿ ಹಾಕಿದೆ. ಸರತಿ ಮೋಡೆಮಿನಲ್ಲಿ ಬೆಳೆಯುವ ಬದಲು ರೂಟರಿನಲ್ಲೇ ಉಳಿದು, ಪ್ರತಿ ಹರಿವಿಗೂ ಸರದಿಯಂತೆ ಜಾಗ ಸಿಗುತ್ತದೆ. ಬ್ಯಾಕಪ್ ನಡೆಯುತ್ತಿರುವಾಗಲೇ ಪಿಂಗ್ ಮೊದಲಿನ ಶಾಂತ ಮಟ್ಟದ ಹತ್ತಿರ ಉಳಿದದ್ದನ್ನು ನೋಡಿದಾಗ ತಮ್ಮನಿಗಿಂತ ನನಗೇ ಹೆಚ್ಚು ಸಂತೋಷವಾಯಿತು.

ಎಲ್ಲರಿಗೂ ಇದೇ ಬೇಕೆಂದು ಹೇಳಲಾರೆ. ಒಬ್ಬರೇ ಇರುವ ಬಾಡಿಗೆ ಕೋಣೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೆ ರಿಸೋರ್ಸ್ ಮಾನಿಟರೇ ಸಾಕು. ಅಲ್ಲಿ ಅಪರಾಧಿ ಹೆಚ್ಚಾಗಿ ಅದೇ ಯಂತ್ರದ ಅಪ್‌ಡೇಟ್ ಅಥವಾ ಕ್ಲೌಡ್ ಸಿಂಕ್ ಆಗಿರುತ್ತದೆ. ಕೂಡು ಮನೆಗೆ ಓಪನ್‌ಡಬ್ಲ್ಯುಆರ್‌ಟಿಯನ್ನೇ ಆರಿಸುವೆ, ಆದರೆ ರೂಟರಿನ ಪ್ರೊಸೆಸರ್ ನೋಡಿಕೊಂಡು: ಕೇಕ್ ನಡೆಸಲು ಹಾರ್ಡ್‌ವೇರ್ ಆಫ್‌ಲೋಡ್ (ಪ್ಯಾಕೆಟ್ ಸಾಗಿಸುವ ಕೆಲಸವನ್ನು ಪ್ರೊಸೆಸರಿನ ಬದಲು ಪ್ರತ್ಯೇಕ ಯಂತ್ರಾಂಶಕ್ಕೆ ಬಿಡುವ ಸೌಲಭ್ಯ) ಆಫ್ ಮಾಡಬೇಕಾಗುತ್ತದೆ, ಆಗ ಅಗ್ಗದ ರೂಟರ್ ಹೆಚ್ಚಿನ ವೇಗದ ಪ್ಲಾನನ್ನು ಹೊರಲಾರದೆ ಡೌನ್‌ಲೋಡ್ ಕುಸಿಯುತ್ತದೆ. ಅಂಥವರು ಎಸ್‌ಕ್ಯುಎಂ ಪುಟದಲ್ಲಿ ಡೌನ್‌ಲೋಡಿಗೆ 0 ಬರೆದು ಆ ದಿಕ್ಕನ್ನು ಮುಕ್ತವಾಗಿ ಬಿಟ್ಟು, ಅಪ್‌ಲೋಡಿಗೆ ಮಾತ್ರ ಮಿತಿ ಹಾಕಬಹುದು.