ಹೆಸರು ತಪ್ಪಿ ಕರೆಯುವ ಕರ್ನಲ್: ‘ಫೋರ್ಟ್ ಅಪಾಚಿ’ ಚಿತ್ರದ ವಿಮರ್ಶೆ

ಜಾನ್ ಫೋರ್ಡ್ ನಿರ್ದೇಶಿಸಿ 1948ರಲ್ಲಿ ತೆರೆಕಂಡ ‘ಫೋರ್ಟ್ ಅಪಾಚಿ’ ಚಿತ್ರದಲ್ಲಿ ಲೆಫ್ಟಿನೆಂಟ್ ಕರ್ನಲ್ ಓವನ್ ಥರ್ಸ್‌ಡೇ ತನ್ನ ಕೈಕೆಳಗಿನ ಕಿರಿಯ ಅಧಿಕಾರಿಯೊಬ್ಬನನ್ನು ಮತ್ತೆ ಮತ್ತೆ ತಪ್ಪು ಹೆಸರಿನಿಂದ ಕರೆಯುತ್ತಾನೆ. ಹುಡುಗನ ಹೆಸರು ಮೈಕೆಲ್ ಓರೂರ್ಕ್. ಕರ್ನಲ್‌ನ ಬಾಯಲ್ಲಿ ಅದು ಮರ್ಫಿ ಎಂದಾಗುತ್ತದೆ. ಐರಿಷ್ ಮೂಲದವರೆಲ್ಲ ಅವನಿಗೆ ಒಂದೇ. ಅವರಲ್ಲಿ ಒಬ್ಬೊಬ್ಬನಿಗೂ ತನ್ನದೇ ಆದ ಮನೆತನ, ತನ್ನದೇ ಆದ ಮಾನ ಇರಬಹುದೆಂಬ ಯೋಚನೆ ಅವನ ತಲೆಗೆ ಹೋಗುವುದಿಲ್ಲ. ಮೊದಲ ಸಲ ನೋಡಿದಾಗ ಇದು ನಗಿಸಲೆಂದು ಇಟ್ಟ ಸಣ್ಣ ಸಂಗತಿ ಎನಿಸಿತ್ತು. ಇತ್ತೀಚೆಗೆ ಬ್ಲೂ-ರೇ ಡಿಸ್ಕ್‌ನಲ್ಲಿ ಮೂರನೆಯ ಸಲ ನೋಡಿದ ಮೇಲೆ, ಎರಡು ಗಂಟೆ ಮೀರುವ ಈ ಚಿತ್ರದ ಇಡೀ ಜಗಳ ಆ ತಪ್ಪಿದ ಹೆಸರಿನಲ್ಲೇ ಅಡಗಿದೆ ಎಂಬುದು ನನಗೆ ಖಚಿತವಾಗಿದೆ.

ಕಥೆಯ ಚೌಕಟ್ಟು ಅಶ್ವದಳದ ಚಿತ್ರಗಳನ್ನು ನೋಡಿ ಬಲ್ಲವರಿಗೆಲ್ಲ ಪರಿಚಿತವಾದದ್ದೇ. ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಎನಿಸಿಕೊಂಡಿದ್ದ ಥರ್ಸ್‌ಡೇ ಈಗ ಕೆಳಗಿನ ಹುದ್ದೆಯಲ್ಲಿ, ಮಗಳು ಫಿಲಡೆಲ್ಫಿಯಾಳೊಂದಿಗೆ, ಅರಿಜೋನಾದ ಮರುಭೂಮಿಯಲ್ಲಿರುವ ಒಂದು ಗಡಿ ಠಾಣ್ಯಕ್ಕೆ ಕುದುರೆ ಗಾಡಿಯಲ್ಲಿ ಬಂದಿಳಿಯುತ್ತಾನೆ. ತನ್ನನ್ನು ಮೂಲೆಗೆ ತಳ್ಳಿದ್ದಾರೆಂಬ ಕುದಿ ಅವನೊಳಗಿದೆ. ಠಾಣ್ಯದಲ್ಲಿ ವರ್ಷಗಟ್ಟಲೆ ಇದ್ದು ನೆಲವನ್ನೂ ಅಲ್ಲಿನ ಮೂಲನಿವಾಸಿಗಳಾದ ಅಪಾಚಿ ಜನರನ್ನೂ ಬಲ್ಲ ಕ್ಯಾಪ್ಟನ್ ಕರ್ಬಿ ಯಾರ್ಕ್ ಇದ್ದಾನೆ. ಹೊಸದಾಗಿ ಬಂದ ಮೇಲಧಿಕಾರಿ ಮತ್ತು ಅನುಭವಸ್ಥ ಕೈಕೆಳಗಿನವನು, ಪುಸ್ತಕದ ಯುದ್ಧ ಮತ್ತು ನೆಲದ ಯುದ್ಧ: ಈ ಜೋಡಿ ಎಷ್ಟೋ ಚಿತ್ರಗಳಲ್ಲಿ ಸವೆದಿದೆ. ಇದರ ಸುತ್ತ ಇನ್ನೂ ಸವೆದ ಅಚ್ಚುಗಳಿವೆ. ಕುಡುಕರಾದರೂ ಹೃದಯವಂತರಾದ ಸಾರ್ಜೆಂಟರು, ಕರ್ನಲ್‌ನ ಮಗಳಿಗೂ ಸಾರ್ಜೆಂಟ್‌ನ ಮಗನಿಗೂ ಹುಟ್ಟುವ ಪ್ರೀತಿ, ಹಳೆಯ ಕಳಂಕ ಹೊತ್ತ ಅಧಿಕಾರಿ, ಭ್ರಷ್ಟ ಸರ್ಕಾರಿ ಏಜೆಂಟ್, ಕೊನೆಯಲ್ಲಿ ಎಲ್ಲರೂ ಮಡಿಯುವ ಕಾಳಗ. ಜೇಮ್ಸ್ ವಾರ್ನರ್ ಬೆಲ್ಲಾ ಬರೆದ ಸಣ್ಣಕಥೆಯನ್ನು ಆಧರಿಸಿ ಫ್ರಾಂಕ್ ನ್ಯೂಜೆಂಟ್ ಚಿತ್ರಕಥೆ ರಚಿಸಿದರು. ಅದಕ್ಕೂ ಮೊದಲು ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಚಿತ್ರ ವಿಮರ್ಶಕರಾಗಿದ್ದವರು. ಯಾವ ಅಚ್ಚು ಎಲ್ಲಿ ಸವೆದಿದೆ ಎಂಬುದನ್ನು ಬಲ್ಲವರು ಬರೆದದ್ದರಿಂದಲೋ ಏನೋ, ಇಲ್ಲಿ ಒಂದೊಂದು ಅಚ್ಚೂ ನಾವು ನಿರೀಕ್ಷಿಸುವ ದಾರಿಯಲ್ಲೇ ಹೊರಟು, ಕೊನೆಯ ಹೆಜ್ಜೆಯಲ್ಲಿ ಬೇರೆ ಕಡೆ ತಿರುಗುತ್ತದೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಕಿರಿಯ ಓರೂರ್ಕ್‌ನ ತಂದೆಯ ಹೆಸರೂ ಮೈಕೆಲ್ ಓರೂರ್ಕ್. ಆತ ಅದೇ ಠಾಣ್ಯದ ಸಾರ್ಜೆಂಟ್ ಮೇಜರ್. ಸೇನಾಧಿಕಾರಿಗಳನ್ನು ತಯಾರಿಸುವ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಒಬ್ಬ ಸಾರ್ಜೆಂಟ್‌ನ ಮಗ ಹೇಗೆ ಸೇರಿದ ಎಂಬುದು ಥರ್ಸ್‌ಡೇಗೆ ಬಿಡಿಸಲಾಗದ ಒಗಟು. ಅವನು ತಂದೆಯನ್ನೇ ಕೇಳುತ್ತಾನೆ. ಅಧ್ಯಕ್ಷರ ನೇಮಕದ ಮೂಲಕ ಎಂಬ ಉತ್ತರ ಬರುತ್ತದೆ. ಅಂಥ ನೇಮಕ ಮೆಡಲ್ ಆಫ್ ಆನರ್ ಪಡೆದವರ ಮಕ್ಕಳಿಗೆ ಮಾತ್ರ ಎಂದು ತಾನು ತಿಳಿದಿರುವುದಾಗಿ ಕರ್ನಲ್ ಹೇಳುತ್ತಾನೆ. ತಾನೂ ಹಾಗೆಯೇ ತಿಳಿದಿರುವುದಾಗಿ ಸಾರ್ಜೆಂಟ್ ಮೇಜರ್ ಹೇಳುತ್ತಾನೆ. ಮಾತು ಅಷ್ಟೇ. ದೇಶದ ಅತಿ ದೊಡ್ಡ ಶೌರ್ಯ ಪದಕ ತನ್ನ ಬಳಿ ಇದೆಯೆಂದು ಆತ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಆ ಪಾತ್ರದ ನಟ ವಾರ್ಡ್ ಬಾಂಡ್ ಆ ಸಾಲನ್ನು ದನಿ ಏರಿಸದೆ, ನೆಟ್ಟಗೆ ನಿಂತು, ಕಡತದ ವಿಷಯ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಕೀರ್ತಿಗಾಗಿ ಹಪಹಪಿಸುವ ಮೇಲಧಿಕಾರಿಯ ಎದುರು, ಅದನ್ನು ಗಳಿಸಿಯೂ ಸುಮ್ಮನಿರುವ ಸಾರ್ಜೆಂಟ್ ನಿಂತಿದ್ದಾನೆ. ಮುಂದೆ ಇದೇ ಕರ್ನಲ್ ತನ್ನ ಮಗಳನ್ನು ಕರೆದೊಯ್ಯಲು ಓರೂರ್ಕ್ ಮನೆಗೇ ನುಗ್ಗಿದಾಗ, ಇದು ತನ್ನ ಮನೆ ಎಂದು ಸಾರ್ಜೆಂಟ್ ಮೇಜರ್ ಅವನಿಗೆ ನೆನಪಿಸುತ್ತಾನೆ. ಠಾಣ್ಯದ ಅಂಗಳದಲ್ಲಿ ಹುದ್ದೆ ದೊಡ್ಡದು, ಹೊಸ್ತಿಲ ಒಳಗೆ ಯಜಮಾನ ದೊಡ್ಡವನು. ಈ ಗೆರೆ ಎಲ್ಲಿದೆ ಎಂಬುದು ಥರ್ಸ್‌ಡೇ ಒಬ್ಬನನ್ನು ಬಿಟ್ಟು ಆ ಠಾಣ್ಯದ ಎಲ್ಲರಿಗೂ ಗೊತ್ತು.

ಹೆನ್ರಿ ಫಾಂಡಾ ಥರ್ಸ್‌ಡೇಯ ಪಾತ್ರಕ್ಕೆ ಬಂದದ್ದೇ ಫೋರ್ಡ್ ಮಾಡಿದ ದಿಟ್ಟ ಆಯ್ಕೆ. ಇದೇ ನಿರ್ದೇಶಕರ ಕೈಯಲ್ಲಿ 1939ರಲ್ಲಿ ತರುಣ ಲಿಂಕನ್ ಆಗಿ, ಸಾಧು ಸಜ್ಜನಿಕೆಯ ಮುಖವಾಗಿ ಪ್ರೇಕ್ಷಕರ ಮನಸ್ಸಿನಲ್ಲಿ ನೆಲೆಸಿದ್ದ ನಟನನ್ನು ಇಲ್ಲಿ ಬೆನ್ನು ಬಾಗದ, ನಗು ಬಾರದ, ಕುತ್ತಿಗೆಗೆ ಬಿಸಿಲು ತಾಗದಂತೆ ಬಟ್ಟೆ ಇಳಿಬಿಟ್ಟ ಟೋಪಿಯ ಅಧಿಕಾರಿಯನ್ನಾಗಿ ನಿಲ್ಲಿಸಿದ್ದಾರೆ. ಫಾಂಡಾ ಅವರ ಸಾಧನೆ ಏನೆಂದರೆ ಥರ್ಸ್‌ಡೇಯನ್ನು ಅವರು ಖಳನನ್ನಾಗಿ ಮಾಡುವುದಿಲ್ಲ. ಅವನು ಹೇಡಿಯಲ್ಲ, ಲಂಚಕೋರನಲ್ಲ, ಮಗಳನ್ನು ಪ್ರೀತಿಸದವನೂ ಅಲ್ಲ. ಅವನಲ್ಲಿರುವುದು ಛಲ. ಅದಕ್ಕೆದುರಾಗಿ ಜಾನ್ ವೇಯ್ನ್ ಅವರ ಯಾರ್ಕ್‌ನಲ್ಲಿರುವುದು ಕೊಟ್ಟ ಮಾತಿನ ಭಾರ. ಅಬ್ಬರದ ಪಾತ್ರಗಳಿಗೆ ಹೆಸರಾದ ವೇಯ್ನ್ ಇಲ್ಲಿ ಬಹುಪಾಲು ತಡೆದುಕೊಳ್ಳುತ್ತಾರೆ, ನುಂಗಿಕೊಳ್ಳುತ್ತಾರೆ, ಆದೇಶಕ್ಕೆ ಸಲಾಮು ಹೊಡೆಯುತ್ತಾರೆ. ಅವರ ಅಭಿನಯವನ್ನು ಹಗುರವಾಗಿ ಕಾಣುವವರು ಈ ಒಂದು ಚಿತ್ರವನ್ನಾದರೂ ನೋಡಬೇಕು.

ಇಬ್ಬರ ವೈರ ಬಿರಿಯುವುದು ಕೊಚೀಸ್‌ನ ವಿಷಯದಲ್ಲಿ. ಸರ್ಕಾರದ ಏಜೆಂಟ್ ಮೀಚಮ್‌ನ ಮೋಸದ ತೂಕ ಮತ್ತು ಕಳ್ಳ ಹೆಂಡದಿಂದ ರೋಸಿ, ಅಪಾಚಿ ನಾಯಕ ಕೊಚೀಸ್ ತನ್ನ ಜನರೊಂದಿಗೆ ಮೆಕ್ಸಿಕೋಗೆ ಹೋಗಿಬಿಟ್ಟಿದ್ದಾನೆ. ಯಾರ್ಕ್ ಸಾರ್ಜೆಂಟ್ ಬೋಫರ್ಟ್‌ನೊಬ್ಬನನ್ನೇ ಕರೆದುಕೊಂಡು ಗಡಿ ದಾಟಿ, ಸಂಧಾನಕ್ಕೆ ಬಾ ಎಂದು ಅವನನ್ನು ಒಪ್ಪಿಸಿ ಬರುತ್ತಾನೆ. ಥರ್ಸ್‌ಡೇ ಆ ಮಾತನ್ನೇ ಬಲೆಯಾಗಿ ಬಳಸಿಕೊಂಡು ಇಡೀ ದಂಡನ್ನು ಹೊರಡಿಸುತ್ತಾನೆ. ತಾನು ಮಾತು ಕೊಟ್ಟಿದ್ದೇನೆ ಎಂದು ಯಾರ್ಕ್ ಪ್ರತಿಭಟಿಸಿದಾಗ, ಅಮೆರಿಕದ ಒಬ್ಬ ಅಧಿಕಾರಿಗೂ ಕೊಚೀಸ್‌ನಂಥವನಿಗೂ ನಡುವೆ ಮಾನದ ಪ್ರಶ್ನೆಯೇ ಬರುವುದಿಲ್ಲ ಎಂದು ಕರ್ನಲ್ ಹೇಳುತ್ತಾನೆ. ತನಗೆ ಬರುತ್ತದೆ ಎಂದಷ್ಟೇ ಯಾರ್ಕ್‌ನ ಉತ್ತರ. ಈ ಕಲ್ಪನೆಯ ಬೇರು ಚರಿತ್ರೆಯಲ್ಲಿದೆ. 1861ರಲ್ಲಿ ಜಾರ್ಜ್ ಬ್ಯಾಸ್ಕಮ್ ಎಂಬ ಲೆಫ್ಟಿನೆಂಟ್ ನಿಜವಾದ ಕೊಚೀಸ್‌ನನ್ನು ಮಾತುಕತೆಗೆಂದು ಕರೆದು ಗುಡಾರದಲ್ಲಿ ಸೆರೆಹಿಡಿಯಲು ನೋಡಿದ. ಕೊಚೀಸ್ ಗುಡಾರದ ಬಟ್ಟೆಯನ್ನೇ ಸೀಳಿ ತಪ್ಪಿಸಿಕೊಂಡ, ಹತ್ತು ವರ್ಷಕ್ಕೂ ಮೀರಿದ ಯುದ್ಧ ಅಲ್ಲಿಂದ ಹೊತ್ತಿಕೊಂಡಿತು. 1872ರಲ್ಲಿ ಜನರಲ್ ಹೋವರ್ಡ್ ಶಾಂತಿ ಒಪ್ಪಂದಕ್ಕೆ ಬರಲು ಸಾಧ್ಯವಾದದ್ದು ಕೊಚೀಸ್‌ನ ವಿಶ್ವಾಸ ಗಳಿಸಿದ್ದ ಟಾಮ್ ಜೆಫರ್ಡ್ಸ್ ಎಂಬ ಬಿಳಿಯ ಗೆಳೆಯನ ನೆರವಿನಿಂದ. ಥರ್ಸ್‌ಡೇಯಲ್ಲಿ ಬ್ಯಾಸ್ಕಮ್‌ನನ್ನೂ ಯಾರ್ಕ್‌ನಲ್ಲಿ ಜೆಫರ್ಡ್ಸ್‌ನನ್ನೂ ಕಾಣುವುದು ನನ್ನ ಓದು; ಹಾಗೆ ಕಂಡಾಗ ಸಂಧಾನದ ದೃಶ್ಯದ ತೂಕ ಇಮ್ಮಡಿಯಾಗುತ್ತದೆ.

ಆ ಸಂಧಾನದಲ್ಲಿ ಕೊಚೀಸ್ ಸ್ಪ್ಯಾನಿಷ್ ಭಾಷೆಯಲ್ಲಿ ಮಾತಾಡುತ್ತಾನೆ, ಬೋಫರ್ಟ್ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾನೆ. ಮೆಕ್ಸಿಕೋದ ನಟ ಮಿಗೆಲ್ ಇಂಕ್ಲಾನ್ ಒಂದೂ ಅನಗತ್ಯ ಚಲನೆಯಿಲ್ಲದೆ, ತನ್ನ ಜನ ಹೇಗೆ ಹಾಳಾಗುತ್ತಿದ್ದಾರೆಂದು ಹೇಳುತ್ತಾರೆ. ಕೇಳಿಸಿಕೊಳ್ಳಬೇಕಾದ ಕರ್ನಲ್‌ಗೆ ತಾಳ್ಮೆಯಿಲ್ಲ. ಅವನು ಬೈಗುಳವನ್ನೇ ಉತ್ತರವಾಗಿ ಕೊಟ್ಟು, ಅದನ್ನು ಅನುವಾದಿಸು ಎಂದು ಬೋಫರ್ಟ್‌ಗೆ ಆಜ್ಞೆ ಮಾಡುತ್ತಾನೆ. ಈ ಹೊತ್ತಿಗೆ ಪ್ರೇಕ್ಷಕನ ಒಲವು ಪೂರ್ತಿಯಾಗಿ ಎದುರುಪಕ್ಷದ ಕಡೆ ವಾಲಿರುತ್ತದೆ, ಮತ್ತು 1948ರ ಒಂದು ಹಾಲಿವುಡ್ ಚಿತ್ರ ತನ್ನದೇ ಸೇನೆಯ ವಿರುದ್ಧ ಹಾಗೆ ವಾಲಿಸಿದ್ದು ಸಣ್ಣ ಸಂಗತಿಯಲ್ಲ.

ಆದರೂ ಇಲ್ಲಿಯೇ ನನ್ನ ತಕರಾರೂ ಇದೆ. ಅಪಾಚಿಗಳ ಎಲ್ಲ ಸಂಕಟಕ್ಕೂ ಮೀಚಮ್ ಒಬ್ಬನನ್ನೇ ಹೊಣೆ ಮಾಡಿ ಚಿತ್ರ ಕೈತೊಳೆದುಕೊಳ್ಳುತ್ತದೆ. ಬೈಬಲ್ ಎಂದು ಬರೆದ ಪೆಟ್ಟಿಗೆಗಳಲ್ಲಿ ಹೆಂಡ ತುಂಬಿ ಮಾರುವ ಈ ಮನುಷ್ಯ ನೋಡಲಿಕ್ಕೇ ಅಸಹ್ಯವಾಗಿದ್ದಾನೆ, ಆದ್ದರಿಂದಲೇ ಅನುಕೂಲಸ್ಥ ಖಳ. ಅವನನ್ನು ನೇಮಿಸಿದ ಸರ್ಕಾರದ ನೀತಿ, ನೆಲ ಕಿತ್ತುಕೊಂಡ ಒಪ್ಪಂದಗಳು ಅವನ ಬೆನ್ನ ಹಿಂದೆ ಮರೆಯಾಗುತ್ತವೆ. ಕೊಚೀಸ್‌ಗೆ ಘನತೆ ಸಿಕ್ಕಿದೆ, ಆದರೆ ಅವನ ಕಡೆಯ ಒಬ್ಬ ಹೆಂಗಸಿಗೂ ಮಾತಿಲ್ಲ. ಅಪಾಚಿ ಯೋಧರಾಗಿ ಕುದುರೆ ಓಡಿಸಿದವರು ಚಿತ್ರೀಕರಣ ನಡೆದ ಮಾನ್ಯುಮೆಂಟ್ ವ್ಯಾಲಿಯ ನವಾಹೊ ಎಂಬ ಬೇರೊಂದು ಮೂಲನಿವಾಸಿ ಜನರು. ಕುಡುಕ ಸಾರ್ಜೆಂಟರ ಹಾಸ್ಯವೂ ಅಳತೆ ಮೀರಿದೆ. ಮೀಚಮ್‌ನ ಹೆಂಡವನ್ನು ನಾಶಮಾಡಿ ಎಂದರೆ ಕುಡಿದೇ ಮುಗಿಸಲು ಕೂರುವ ಪ್ರಸಂಗ ಒಮ್ಮೆ ನಗಿಸುತ್ತದೆ, ಕವಾಯತಿನ ಗದ್ದಲವೆಲ್ಲ ಸೇರಿದಾಗ ದಣಿಸುತ್ತದೆ. ಫಿಲಡೆಲ್ಫಿಯಾ ಮತ್ತು ಕಿರಿಯ ಓರೂರ್ಕ್ ಆಗಿ ನಟಿಸಿದ ಶರ್ಲಿ ಟೆಂಪಲ್ ಮತ್ತು ಜಾನ್ ಏಗರ್ ಆಗ ನಿಜಜೀವನದಲ್ಲೂ ಗಂಡ ಹೆಂಡತಿಯಾಗಿದ್ದರು. ಅವರ ಪ್ರೇಮ ಪ್ರಸಂಗಗಳು ಮುದ್ದಾಗಿವೆ, ಅದಕ್ಕಿಂತ ಹೆಚ್ಚೇನಿಲ್ಲ.

ಪ್ರೇಮಿಗಳಿಗಿಂತ ನನ್ನನ್ನು ಕಾಡುವುದು ಕ್ಯಾಪ್ಟನ್ ಕಾಲಿಂಗ್‌ವುಡ್ ಮತ್ತು ಅವನ ಹೆಂಡತಿ. ಥರ್ಸ್‌ಡೇಗೂ ಅವನಿಗೂ ಅಂತರ್ಯುದ್ಧ ಕಾಲದ ಹಳೆಯ ಕಹಿಯೊಂದಿದೆ, ಅದನ್ನು ಚಿತ್ರ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಒಂದೇ ಘಟನೆಯಿಂದ ಒಬ್ಬನಿಗೆ ಕೀರ್ತಿ ಬಂತು, ಇನ್ನೊಬ್ಬನಿಗೆ ಅಳುಕಿದವನೆಂಬ ಅಪವಾದ ಅಂಟಿತು, ಅಷ್ಟು ಮಾತ್ರ ತಿಳಿಯುತ್ತದೆ. ದಂಡು ಹೊರಡುವ ಹೊತ್ತಿಗೇ ಕಾಲಿಂಗ್‌ವುಡ್ ಕಾಯುತ್ತಿದ್ದ ವರ್ಗಾವಣೆಯ ಆದೇಶ ಬರುತ್ತದೆ. ಕೂಗಿ ಕರೆದರೆ ಅವನು ಬದುಕುತ್ತಾನೆ. ಹೆಂಡತಿ ಕೂಗುವುದಿಲ್ಲ. ಕೂಗಿದರೆ ಆ ಅಪವಾದ ಸಾಯುವ ತನಕ ಬಿಡುವುದಿಲ್ಲವೆಂದು ಅವಳಿಗೆ ಗೊತ್ತು. ಧೂಳಿನಲ್ಲಿ ದೂರವಾಗುತ್ತಿರುವ ಸವಾರರನ್ನು ದಿಟ್ಟಿಸುತ್ತ, ಅವನು ಕಾಣುತ್ತಿಲ್ಲ, ಬಾವುಟಗಳಷ್ಟೇ ಕಾಣುತ್ತಿವೆ ಎನ್ನುತ್ತಾಳೆ. ಆನಾ ಲೀ ಆ ಸಾಲನ್ನು ಅಳದೆ ಹೇಳುತ್ತಾರೆ. ಯುದ್ಧಕ್ಕೆ ಹೋಗುವ ಗಂಡಸರನ್ನು ಹೆಂಗಸರು ಬೀಳ್ಕೊಡುವ ದೃಶ್ಯ ಇಂಥ ಚಿತ್ರಗಳಲ್ಲಿ ಕಡ್ಡಾಯವಿದ್ದಂತೆ. ಆದರೆ ಮಾನ ಎಂಬುದು ಒಂದು ಮನೆಯಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂದು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಇನ್ನೊಂದು ದೃಶ್ಯವನ್ನು ನಾನು ನೋಡಿಲ್ಲ.

ಕಾಳಗವನ್ನು ಫೋರ್ಡ್ ಧೂಳಿನಿಂದ ಕಟ್ಟಿದ್ದಾರೆ. ಕಣಿವೆಯಲ್ಲಿ ಏಳುವ ಧೂಳನ್ನು ಥರ್ಸ್‌ಡೇ ಶತ್ರುವಿನ ದಂಡೆಂದು ಓದುತ್ತಾನೆ. ಅದು ಹೆಂಗಸರು ಮಕ್ಕಳು ಮುಳ್ಳುಪೊದೆ ಎಳೆದು ಎಬ್ಬಿಸಿದ ಧೂಳು, ಯೋಧರು ಬಂಡೆಗಳ ಸಂದಿಯಲ್ಲಿ ಕೂತಿದ್ದಾರೆ ಎಂದು ಯಾರ್ಕ್ ಎಚ್ಚರಿಸುತ್ತಾನೆ. ನಾಲ್ಕು ನಾಲ್ಕು ಸವಾರರ ಸಾಲಿನಲ್ಲಿ ಕಣಿವೆಗೆ ನುಗ್ಗುವುದೆಂದರೆ ಆತ್ಮಹತ್ಯೆ ಎಂದದ್ದಕ್ಕೆ ಅವನಿಗೆ ಹೇಡಿಯೆಂಬ ಮಾತು ಸಿಗುತ್ತದೆ. ಅವನು ದ್ವಂದ್ವಕ್ಕೆ ಕರೆಯುವಂತೆ ಕೈಗವಸು ಕಿತ್ತು ಕರ್ನಲ್‌ನ ಎದುರು ಎಸೆಯುತ್ತಾನೆ. ಕರ್ನಲ್ ಅವನನ್ನು ಹಿಂದೆ, ಸರಕಿನ ಗಾಡಿಗಳ ಕಾವಲಿಗೆ ಕಳಿಸುತ್ತಾನೆ, ಕಿರಿಯ ಓರೂರ್ಕ್‌ನನ್ನು ಜೊತೆಗೆ ಕರೆದೊಯ್ಯಲು ಹೇಳುತ್ತಾನೆ. ಅವಮಾನಿಸಲೆಂದು ಕೊಟ್ಟ ಆದೇಶವೇ ಇಬ್ಬರ ಪ್ರಾಣ ಉಳಿಸುತ್ತದೆ. ಛಾಯಾಗ್ರಾಹಕ ಆರ್ಚಿ ಸ್ಟೌಟ್ ಹೊರಾಂಗಣಕ್ಕೆ ಇನ್‌ಫ್ರಾರೆಡ್ ಫಿಲ್ಮ್ ಬಳಸಿದ್ದರಿಂದ ಕಪ್ಪುಬಿಳುಪಿನಲ್ಲಿ ಆಕಾಶ ಕಡುಗಪ್ಪಾಗಿ, ಮೋಡಗಳು ಬೆಳ್ಳಗೆ ಉರಿಯುವಂತೆ ಕಾಣುತ್ತವೆ. ಬ್ಲೂ-ರೇ ಪ್ರತಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಉಳಿದಿದೆ, ಡಿಸ್ಕ್ ಕೊಳ್ಳಲು ಅದೊಂದೇ ಸಾಕಾದ ಕಾರಣ. ಐರಿಷ್ ಉಚ್ಚಾರಣೆ ನಮ್ಮ ಕಿವಿಗೆ ಕಷ್ಟವಾದ್ದರಿಂದ ಇಂಗ್ಲಿಷ್ ಉಪಶೀರ್ಷಿಕೆ ಹಾಕಿಕೊಂಡು ನೋಡುವುದು ಒಳ್ಳೆಯದು.

ಕುದುರೆಯಿಂದ ಬಿದ್ದ ಥರ್ಸ್‌ಡೇಯನ್ನು ಉಳಿಸಲು ಯಾರ್ಕ್ ಬರುತ್ತಾನೆ. ಕರ್ನಲ್ ಅವನ ಕತ್ತಿ ಕೇಳಿ ಪಡೆದು, ಸಾಯಲಿರುವ ತನ್ನವರ ಬಳಿಗೆ ಹಿಂತಿರುಗುತ್ತಾನೆ. ಅಲ್ಲಿ ಸಾರ್ಜೆಂಟ್ ಮೇಜರ್‌ನ ಕ್ಷಮೆ ಕೇಳುತ್ತಾನೆ. ಕ್ಷಮಾಪಣೆಯನ್ನು ನಮ್ಮ ಮೊಮ್ಮಕ್ಕಳಿಗಾಗಿ ಇಟ್ಟುಕೊಳ್ಳಿ ಎಂದು ಉತ್ತರ ಬರುತ್ತದೆ. ಮಗಳನ್ನು ಕೊಡಲು ಒಪ್ಪದಿದ್ದ ಮನುಷ್ಯನನ್ನು ಸಾವಿನ ಅಂಚಿನಲ್ಲಿ ಬೀಗನೆಂದು ಒಪ್ಪಿಕೊಂಡ ಮಾತದು.

ಕೊನೆಯ ದೃಶ್ಯದ ಬಗ್ಗೆ ವಿಮರ್ಶಕರು ಇನ್ನೂ ವಾದಿಸುತ್ತಾರೆ. 1876ರ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ತನ್ನ ತುಕಡಿಯೊಂದಿಗೆ ಮಡಿದ ಅಮೆರಿಕದ ಅಶ್ವದಳದ ಅಧಿಕಾರಿ ಕಸ್ಟರ್ ಹೇಗೆ ವೀರನೆಂದು ಚಿತ್ರಪಟಗಳಲ್ಲಿ ಮೆರೆದನೋ, ಹಾಗೆಯೇ ಥರ್ಸ್‌ಡೇಯೂ ಮೆರೆಯುತ್ತಾನೆ. ಈಗ ದಂಡಿನ ಮುಖ್ಯಸ್ಥನಾಗಿರುವ ಯಾರ್ಕ್‌ನ ಎದುರು ಪತ್ರಕರ್ತರು ಆ ಕಾಳಗದ ವರ್ಣಚಿತ್ರವನ್ನು ಹೊಗಳುತ್ತಾರೆ. ಅದರಲ್ಲಿ ಅಪಾಚಿಗಳು ಗರಿಯ ಕಿರೀಟ ತೊಟ್ಟಿದ್ದಾರಂತೆ. ನಾವು ಕಂಡ ಅಪಾಚಿಗಳ ತಲೆಗೆ ಬರೀ ಬಟ್ಟೆ ಕಟ್ಟಿತ್ತು. ಎಲ್ಲವೂ ಇದ್ದದ್ದು ಇದ್ದ ಹಾಗೆಯೇ ಇದೆ ಎಂದು ಯಾರ್ಕ್ ಹೇಳುತ್ತಾನೆ. ಕೊಟ್ಟ ಮಾತಿಗೆ ಅಷ್ಟು ಬೆಲೆ ಕೊಟ್ಟವನು ಇಲ್ಲಿ ಸುಳ್ಳು ಹೇಳುತ್ತಾನೆ. ಇದು ಸೇನೆಯ ಹೊಗಳಿಕೆ ಎಂದು ಕೆಲವರು, ವ್ಯವಸ್ಥೆಗೆ ಶರಣಾದದ್ದು ಎಂದು ಕೆಲವರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಅದೇ ಮಾತುಕತೆಯಲ್ಲಿ ಒಬ್ಬ ಪತ್ರಕರ್ತ, ಥರ್ಸ್‌ಡೇಯಂಥವರನ್ನು ಜನ ನೆನೆಯುತ್ತಾರೆ, ಉಳಿದವರನ್ನು ಮರೆಯುತ್ತಾರೆ ಎನ್ನುತ್ತ, ಮಡಿದ ಇನ್ನೊಬ್ಬ ಅಧಿಕಾರಿಯ ಹೆಸರನ್ನು ತಪ್ಪಾಗಿ ಹೇಳುತ್ತಾನೆ. ಯಾರ್ಕ್ ತಕ್ಷಣ ತಿದ್ದುತ್ತಾನೆ: ಕಾಲಿಂಗ್‌ವುಡ್. ಚಿತ್ರಪಟದ ಸುಳ್ಳನ್ನು ಅವನು ಹಾಗೇ ಬಿಡುತ್ತಾನೆ, ಹೆಸರಿನ ತಪ್ಪನ್ನು ಬಿಡುವುದಿಲ್ಲ. ಆಮೇಲೆ ಫಿಲಡೆಲ್ಫಿಯಾಳ ಪುಟ್ಟ ಮಗನನ್ನು ಬಂದವರಿಗೆ ಪರಿಚಯಿಸುತ್ತಾನೆ. ಮಗುವಿನ ಪೂರ್ತಿ ಹೆಸರು ಮೈಕೆಲ್ ಥರ್ಸ್‌ಡೇ ಯಾರ್ಕ್ ಓರೂರ್ಕ್. ಅದನ್ನು ಒಂದಕ್ಷರ ತಪ್ಪದೆ ಹೇಳಿ, ತನ್ನ ವೈರಿ ತೊಡುತ್ತಿದ್ದಂಥದೇ ಟೋಪಿಯನ್ನು ತಲೆಗಿಟ್ಟುಕೊಂಡು, ಯಾರ್ಕ್ ಅಂಗಳಕ್ಕೆ ಇಳಿಯುತ್ತಾನೆ.