ಮಡಿಕೇರಿಯ ಎರಡು ಸಂಗ್ರಹಾಲಯಗಳು: ಕೋಟೆಯೋ, ಸನ್ನಿಸೈಡೋ?

ಮಡಿಕೇರಿಯಲ್ಲಿ ಮಂಜು ಕವಿದರೆ ರಾಜಾಸೀಟಿನಿಂದ ಏನೂ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಹೋಗಲು ಊರೊಳಗೇ ಎರಡು ಸಂಗ್ರಹಾಲಯಗಳಿವೆ: ಕೋಟೆಯೊಳಗಿನದು ಒಂದು, ಜನರಲ್ ತಿಮ್ಮಯ್ಯ ಹುಟ್ಟಿದ ಮನೆ ‘ಸನ್ನಿಸೈಡ್’ ಇನ್ನೊಂದು. ಎರಡನ್ನೂ ನೋಡಿದ್ದೇನೆ. ಮಕ್ಕಳಿದ್ದರೆ ಸನ್ನಿಸೈಡ್, ಕೊಡಗನ್ನೇ ಅರಿಯಬೇಕಿದ್ದರೆ ಕೋಟೆ ಎನ್ನುವುದು ನನ್ನ ಲೆಕ್ಕ.

ಸನ್ನಿಸೈಡ್ ಸಂಗ್ರಹಾಲಯವಾಗಿ ತೆರೆದುಕೊಂಡದ್ದು 2021ರಲ್ಲಿ. ಅಂಗಳದಲ್ಲಿ ಟ್ಯಾಂಕ್ ಮತ್ತು ಯುದ್ಧವಿಮಾನ ನಿಂತಿವೆ. ಹುಡುಗರನ್ನು ಅಲ್ಲಿಂದ ಒಳಗೆ ಕರೆದೊಯ್ಯುವುದೇ ಕಷ್ಟ. ಒಳಗಿರುವುದು ಒಬ್ಬನೇ ಮನುಷ್ಯನ ಕಥೆ. 1906ರಲ್ಲಿ ಹುಟ್ಟು, ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ, 1948ರಲ್ಲಿ 11,000 ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಸಾಹಸ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥನ ಹುದ್ದೆ, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕನಾಗಿರುವಾಗಲೇ ಸಾವು. ಮರುವರ್ಷ ಸೈಪ್ರಸ್ ಅವರ ಹೆಸರಿನಲ್ಲಿ ಅಂಚೆಚೀಟಿಯನ್ನೂ ತಂದಿತು. ಏನನ್ನೂ ಓದಿಕೊಳ್ಳದೆ ಹೋದವರಿಗೂ ಕಥೆ ದಕ್ಕುತ್ತದೆ.

ಕೋಟೆಯದು ಅಷ್ಟು ಸುಲಭವಲ್ಲ. ಕಟ್ಟಡವೇ ಮೊದಲ ಒಗಟು: ಬ್ರಿಟಿಷರು 1850ರ ದಶಕದಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನೊಳಗೆ ಈಗ ವೀರಗಲ್ಲುಗಳು, ಜೈನ ಮೂರ್ತಿಗಳು, ಹಳೆಯ ಆಯುಧಗಳು. ಹೊರಗೆ ಕೊಡಗನ್ನಾಳಿದ ಹಾಲೇರಿ ಅರಸರ ಅರಮನೆ. ಅವರಲ್ಲೊಬ್ಬನಾದ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1834ರಲ್ಲಿ ಚಿಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಒಳಹೊಕ್ಕರು. ಯಾರು ಗೆದ್ದರೂ ಹಿಂದಿನವರ ಗೋಡೆಯೊಳಗೇ ಸಂಸಾರ ಹೂಡಿದ್ದಾರೆ. ಇದನ್ನು ತಿಳಿದು ಹೋದವರಿಗೆ ಬಣ್ಣದ ಗಾಜಿನ ಕಿಟಕಿಯ ಕೆಳಗಿನ ವೀರಗಲ್ಲು ಮಾತಾಡುತ್ತದೆ, ತಿಳಿಯದವರಿಗೆ ಅದು ಕೆತ್ತಿದ ಕಲ್ಲು. ನನಗೆ ಇದೇ ಹೆಚ್ಚು ಇಷ್ಟವಾಯಿತು. ಸನ್ನಿಸೈಡಿನಲ್ಲಿ ಎಲ್ಲವೂ ತಿಮ್ಮಯ್ಯನವರತ್ತಲೇ ನಡೆಯುತ್ತದೆ. ಕೋಟೆಯಲ್ಲಿ ಒಬ್ಬರ ಕಥೆಯನ್ನು ಇನ್ನೊಬ್ಬರು ಅರ್ಧಕ್ಕೇ ತಡೆಯುತ್ತಾರೆ, ಇತಿಹಾಸ ನಡೆಯುವುದೂ ಹಾಗೆಯೇ ಅಲ್ಲವೇ? ಸಮಯವಿದ್ದರೆ ಮೊದಲು ಕೋಟೆ, ಆಮೇಲೆ ಸನ್ನಿಸೈಡ್. ಆಗ ಬಂದೂಕಿಗೆ ಪರವಾನಗಿಯ ವಿನಾಯಿತಿ ಇಂದಿಗೂ ಉಳಿಸಿಕೊಂಡಿರುವ ಈ ನಾಡಿನಿಂದ ಸೇನಾ ಮುಖ್ಯಸ್ಥರು ಬಂದದ್ದು ಅಚ್ಚರಿಯೆನಿಸುವುದಿಲ್ಲ.

ಇನ್ನು ನೆನಪಿಗೆಂದು ಕೊಳ್ಳುವ ವಸ್ತು. ಅದಕ್ಕೆ ನಾನು ಪೇಟೆಗೇ ಇಳಿಯುತ್ತೇನೆ. ಅಂಗಡಿ ಅಂಗಡಿಯಲ್ಲೂ ‘ಹೋಮ್‌ಮೇಡ್ ಚಾಕೊಲೇಟ್’ ರಾಶಿ. ಊಟಿಯಲ್ಲೂ ಸಿಗುವ ಅದನ್ನು ಇಲ್ಲಿಂದ ಹೊತ್ತೊಯ್ಯುವುದೇಕೆ? ಆಭರಣದಂಗಡಿಯಲ್ಲಿ ಸಿಗುವ ಪುಟ್ಟ ಪೀಚೆಕತ್ತಿಯ ಬೆಳ್ಳಿ ಪಿನ್ನು ಚೆನ್ನ. ಕುಪ್ಯವೆಂಬ ಉದ್ದಂಗಿಯ ಮೇಲೆ ಬಿಗಿದ ಚೇಲೆಗೆ, ಅಂದರೆ ನಡುಪಟ್ಟಿಗೆ, ಕೊಡವ ಗಂಡಸರು ಮುಂಬದಿಯಲ್ಲಿ ಸಿಕ್ಕಿಸಿಕೊಳ್ಳುವ ಕಠಾರಿಯ ಕಿರುರೂಪ ಅದು, ಸೀರೆಗೂ ಒಪ್ಪುತ್ತದೆ. ದುಡ್ಡು ಮಾತ್ರ ತುಸು ಹೆಚ್ಚೇ ಬೀಳುತ್ತದೆ.

ನನ್ನ ಆಯ್ಕೆ ಕಾಚಂಪುಳಿ. ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಇಳಿಸಿದ ಈ ಹುಳಿಯಿಲ್ಲದೆ ಪಂದಿ ಕರಿ ಪಂದಿ ಕರಿಯೇ ಅಲ್ಲ. ಮಾಂಸ ತಿನ್ನದವರು ಅಣಬೆಯ ಪಲ್ಯಕ್ಕೆ ಹಾಕಿ ನೋಡಬಹುದು. ಚಮಚದ ತುದಿಯಷ್ಟು ಸಾಕು, ಹುಣಸೆಯ ಅಂದಾಜಿನಲ್ಲಿ ಸುರಿದರೆ ಪಾತ್ರೆಯೆಲ್ಲ ಹುಳಿ. ಚೀಲದಲ್ಲಿ ಒಯ್ಯುವಾಗ ಸೀಸೆಯ ಮುಚ್ಚಳದ ಸುತ್ತ ಬಿಗಿಯಾಗಿ ಟೇಪು ಸುತ್ತಿ ಬಟ್ಟೆಗಳಿಂದ ದೂರವಿಡಿ.