ಇಂಗ್ಲೆಂಡಿನ ಜನಜೀವನ ಎಲ್ಲಿ ಚೆನ್ನಾಗಿ ಕಾಣುತ್ತದೆ: ಅರಮನೆಯಲ್ಲೋ, ಗಣಿಯೂರಲ್ಲೋ, ವಠಾರದಲ್ಲೋ?

ಊರಿನಿಂದ ಅಪ್ಪ-ಅಮ್ಮ ಬಂದರೆ ಇಲ್ಲಿನ ಕನ್ನಡಿಗರು ಮೊದಲು ಕರೆದೊಯ್ಯುವುದು ಅರಮನೆ, ಕೋಟೆಗಳಿಗೆ. ನೋಡಬೇಕಾದವೇ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿನ ಜನ ಏನು ಉಣ್ಣುತ್ತಿದ್ದರು, ಬಟ್ಟೆ ಎಲ್ಲಿ ಒಗೆಯುತ್ತಿದ್ದರು, ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಿದ್ದರು ಎಂದು ತಿಳಿಯುವ ಆಸೆಯಿದ್ದರೆ, ಮೂರು ಜಾಗಗಳನ್ನು ಸುತ್ತಿದ ನನ್ನ ಲೆಕ್ಕ ಬೇರೆಯೇ ಇದೆ.

ಡರ್ಬಿಶೈರ್‌ನ ಚಾಟ್ಸ್‌ವರ್ತ್ ಅರಮನೆ 1549ರಿಂದ ಕ್ಯಾವೆಂಡಿಶ್ ಮನೆತನದ್ದು. ವೈಭವಕ್ಕೆ ಇದನ್ನು ಮೀರಿಸುವುದು ಕಷ್ಟ. ತೋಟದ ಎಂಪರರ್ ಕಾರಂಜಿಗೆ ಪಂಪೇ ಇಲ್ಲ. ಗುಡ್ಡದ ಮೇಲೆ ಕೆರೆ ತೋಡಿಸಿ, ಅಲ್ಲಿಂದ ಇಳಿಯುವ ನೀರಿನ ಒತ್ತಡದಿಂದಲೇ ಚಿಮ್ಮುವಂತೆ 1844ರಲ್ಲಿ ಇಲ್ಲಿನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ್ದು. ರಷ್ಯಾದ ಚಕ್ರವರ್ತಿ ಬರುತ್ತಾನೆಂದು ಅಷ್ಟೆಲ್ಲ ಮಾಡಿಸಿದರು, ಅವನು ಬರಲೇ ಇಲ್ಲ. ಇದೇ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಇಲ್ಲಿನ ಗಾಜಿನ ಮನೆಯಲ್ಲಿ ಬೆಳೆದ ಬಾಳೆಗೆ ಮನೆತನದ ಹೆಸರಿಟ್ಟ. ನಮ್ಮ ರೈತರು ಬೆಳೆಯುವ ಜಿ9 ಬಾಳೆ ತಳಿ ಆ ಕ್ಯಾವೆಂಡಿಶ್ ಗುಂಪಿನದೇ. ಇಷ್ಟಾದರೂ, ನಾನು ಸುತ್ತಿದ ಕೋಣೆಗಳಲ್ಲಿ ಕಂಡದ್ದು ಒಡೆಯರ ಬದುಕು. ಅವರ ಒಲೆಗೆ ಕಲ್ಲಿದ್ದಲು ಹೊತ್ತವರ ಬದುಕಲ್ಲ.

ಅಂಥ ಕಲ್ಲಿದ್ದಲು ತೆಗೆದವರು ಕೌಂಟಿ ಡರ್ಹಮ್‌ನ ಬೀಮಿಶ್‌ನಲ್ಲಿ ಸಿಗುತ್ತಾರೆ. ಬೇರೆ ಊರುಗಳ ಮನೆ, ಅಂಗಡಿ, ರೈಲು ನಿಲ್ದಾಣವನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಬಯಲು ವಸ್ತುಸಂಗ್ರಹಾಲಯ ಇದು. ಟ್ರಾಮ್ ನಿಜವಾಗಿಯೂ ಓಡುತ್ತದೆ. ಮಕ್ಕಳಿದ್ದರೆ ಕಣ್ಣುಮುಚ್ಚಿ ಇಲ್ಲಿಗೇ ಹೋಗಿ. ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಕಲ್ಲಿದ್ದಲ ಒಲೆ ಉರಿಯುತ್ತಿರುತ್ತದೆ, ಹಳೇ ಬಟ್ಟೆಯ ಚೂರುಗಳನ್ನು ಗೋಣಿಗೆ ಚುಚ್ಚಿ ಮಾಡಿದ ಪ್ರಾಗಿ ಚಾಪೆ ನೆಲದ ಮೇಲಿರುತ್ತದೆ. ಗಣಿಯೊಳಗೆ ಬೆನ್ನು ಬಗ್ಗಿಸಿಯೇ ನಡೆಯಬೇಕು. ಊಟದ ವಿಷಯ ಮೊದಲೇ ಹೇಳಿಬಿಡುತ್ತೇನೆ: ಗಣಿಯೂರಿನ ಅಂಗಡಿಯಲ್ಲಿ ಮೀನು, ಚಿಪ್ಸ್ ಎರಡನ್ನೂ ಹಳೇ ಪದ್ಧತಿಯಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿಕೊಂಡು ತಿನ್ನಿ, ಇಲ್ಲವೇ ಬುತ್ತಿ ಒಯ್ಯಿರಿ. ಟಿಕೆಟ್ ದುಬಾರಿ ಅನಿಸಿದರೂ ಅದರಲ್ಲೇ ವರ್ಷವಿಡೀ ಮತ್ತೆ ಹೋಗಬಹುದು.

ಆದರೂ ನನ್ನ ಮೊದಲ ಮಣೆ ಬರ್ಮಿಂಗ್‌ಹ್ಯಾಮ್‌ನ ಬ್ಯಾಕ್ ಟು ಬ್ಯಾಕ್ಸ್‌ಗೆ, ಅಂದರೆ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆಗಳಿಗೆ. ಊರಿನಲ್ಲಿ ಉಳಿದ ಈ ಬಗೆಯ ಕೊನೆಯ ವಠಾರ ಇದು. 2004ರಿಂದ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಇದನ್ನು ತೋರಿಸುತ್ತಿದೆ. ಹಿಂಗೋಡೆ ಹಿಂದಿನ ಮನೆಯದೂ ಹೌದು, ಹಾಗಾಗಿ ಆ ಕಡೆ ಕಿಟಕಿಯಿಲ್ಲ, ಬಾಗಿಲೂ ಇಲ್ಲ. ಮಹಡಿಗೊಂದು ಸಣ್ಣ ಕೋಣೆ; ಅಂಗಳದ ಕಕ್ಕಸು, ಬಟ್ಟೆ ಒಗೆಯುವ ಮನೆ ಎಲ್ಲರಿಗೂ ಸೇರಿದ್ದು. ಒಂದೊಂದು ಮನೆಯನ್ನು ಒಂದೊಂದು ಕಾಲಕ್ಕೆ ಸಜ್ಜುಗೊಳಿಸಿದ್ದಾರೆ. 1840ರ ದಶಕದ ಯಹೂದಿ ಕುಟುಂಬದಿಂದ ಹೊರಟು, 1870ರ ದಶಕದಲ್ಲಿ ಗಾಜಿನ ಕಣ್ಣು ತಯಾರಿಸುತ್ತಿದ್ದ ಓಲ್ಡ್‌ಫೀಲ್ಡ್ ಮನೆಯನ್ನು ದಾಟಿ, ಕಡೆಗೆ ಜಾರ್ಜ್ ಸಾಂಡರ್ಸ್ ಅವರ ದರ್ಜಿ ಅಂಗಡಿಗೆ ಬರುತ್ತೀರಿ. ಅವರು ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದಿಂದ 1958ರಲ್ಲಿ ಬಂದವರು. ವಲಸೆ ಬಂದ ನಮ್ಮಂಥವರೂ ಇಂಗ್ಲಿಷ್ ಚರಿತ್ರೆಯ ಒಳಗಿನವರೇ ಎನ್ನುವುದನ್ನು ಚಾಟ್ಸ್‌ವರ್ತ್ ಆಗಲಿ ಬೀಮಿಶ್ ಆಗಲಿ ನನಗೆ ಇಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಕೊರತೆಗಳೂ ಇವೆ. ಮೊದಲೇ ಬುಕ್ ಮಾಡಬೇಕು, ಗೈಡ್ ಜೊತೆಗೇ ನಡೆಯಬೇಕು, ಮನಸ್ಸು ಬಂದಷ್ಟು ಹೊತ್ತು ಒಂದೆಡೆ ನಿಲ್ಲುವಂತಿಲ್ಲ. ಮೆಟ್ಟಿಲು ತೀರಾ ಕಡಿದು, ಸುತ್ತುಸುತ್ತಾಗಿದೆ. ಮಂಡಿನೋವಿರುವ ಹಿರಿಯರಿದ್ದರೆ ಬುಕ್ ಮಾಡುವಾಗಲೇ ವಿಚಾರಿಸಿ. ಅವರಿಗೆ ಹತ್ತಲಾಗದು ಅನಿಸಿದರೆ ಬೀಮಿಶ್‌ಗೆ ಇಡೀ ದಿನ ಎತ್ತಿಡಿ. ಚಾಟ್ಸ್‌ವರ್ತ್‌ಗೆ ಕೊನೆಯಲ್ಲಿ ಹೋಗಿ, ಅದೂ ತೋಟಕ್ಕೆ ಮಳೆಯಿಲ್ಲದ ದಿನ ನೋಡಿಕೊಂಡು.